ಪಾಲಿಗೆ ಕೊಟ್ಟ ಶಹಜಾದಿ

ಮಾಂಗೋರ್ ಗುಡ್ಡ, ವಾಸ್ಕೊ
೨೭ ಜೂನ್ ೨೦೦೪

ತಂಗಿ ಲಕ್ಷ್ಮವ್ವಳಿಗೆ ಖಾತುನಕ್ಕನ ಸಲಾಮು.

ಮೊದಲು ನನ್ನ ಶಹಜಾದಿ ಹೇಗಿದ್ದಾಳೆ ಹೇಳು, ಆಮೇಲೆ ನೀನು ಹೇಗಿದ್ದೀ ಹೇಳು. ಮುಖ ಊದಿಸಿಕೊಳ್ಳಬೇಡ. ನಿನಗೆ ಹೀರಪ್ಪ ಇದ್ದಾನೆ, ಅವನಿಗೆ ಗೇರು ತೋಟದ ಕಾವಲಿನ ಕೆಲಸ ಸಿಕ್ಕಿದೆ, ತೋಟದಲ್ಲೇ ಮನೆ ಇದೆ. ಆ ಕೋಳಿಗೆ ಯಾರಿದ್ದಾರೆ? ಹುಟ್ಟಿದಾಗಿನಿಂದ ನನ್ನ ಅಂಗಳ ದಾಟದವಳನ್ನು ಬುಟ್ಟಿಯಲ್ಲಿ ಮುಚ್ಚಿ ನಿನ್ನ ಜೊತೆ ಬಸ್ಸು ಹತ್ತಿಸಿದೆ. ಬುಟ್ಟಿಯ ಸಂದಿಯಿಂದ ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು. ಆ ಕಣ್ಣು ಇನ್ನೂ ಮರೆತಿಲ್ಲ.

ಬಾಯ್ನಾ ಕಡಲತೀರದ ನಮ್ಮ ಸಾಲು ಮನೆಗಳನ್ನು ಸರಕಾರದವರು ಕೆಡವಿ ಇವತ್ತಿಗೆ ಹದಿಮೂರು ದಿನ. ಇವರು ನಿನ್ನೆ ಬಂದರಿನ ಕೆಲಸ ಮುಗಿಸಿ ಅತ್ತ ಹೋಗಿ ನೋಡಿ ಬಂದರು. ನೀನು ಪಾತ್ರೆ ತಿಕ್ಕುತ್ತಿದ್ದ ಕಲ್ಲು ಮಾತ್ರ ಇದ್ದಲ್ಲೇ ಇದೆಯಂತೆ. ಅದರ ಮೇಲೊಂದು ಕೋಳಿಗರಿ ಮಳೆಗೆ ತೊಯ್ದು ಅಂಟಿಕೊಂಡಿತ್ತಂತೆ. “ಇಷ್ಟು ವರ್ಷದ ಸಂಸಾರದಾಗ ಇಷ್ಟ ಉಳದೈತಿ ನೋಡು” ಅಂದರು. ಅಂದು ನಗಲಿಲ್ಲ. ಮಾತಾಡಿ ನಗದೇ ಇದ್ದ ಚಮನಸಾಬನನ್ನು ನೀನಂತೂ ನೋಡಿಲ್ಲ, ನಾನೂ ನೋಡಿರಲಿಲ್ಲ.

ನಮಗೀಗ ಮಹಡಿಯ ಮೇಲೊಂದು ಕೋಣೆ. ಕಿಟಕಿಯಿಂದ ಸಮುದ್ರದ ಒಂದು ಚೂರು ಕಾಣುತ್ತದೆ, ಬಟ್ಟೆ ಒಣಹಾಕಿದರೆ ಅದೂ ಇಲ್ಲ. ಕಾಲಿಗೆ ಮಣ್ಣು ತಾಗುವುದಿಲ್ಲ. ಮನೆಯೊಡತಿ ಕ್ಲೆಮೆಂಟಿನಾ ಬಾಯಿ ಕೆಟ್ಟ ಹೆಂಗಸಲ್ಲ, ಆದರೆ ಬೀಗದ ಕೈ ಕೊಡುವ ಮೊದಲೇ ಎರಡು ಮಾತು ಹೇಳಿದಳು: ಕೋಳಿ ಕುರಿ ಸಾಕುವಂತಿಲ್ಲ, ಬೆಳಗಿನ ಹೊತ್ತು ಗದ್ದಲ ಮಾಡುವಂತಿಲ್ಲ. ಎರಡನೆಯದನ್ನು ಕೇಳಿ ಇವರ ಮುಖ ನೋಡಬೇಕಿತ್ತು ನೀನು. ನಮ್ಮ ಸಾಲಿನಲ್ಲಿ ಹುಂಜ ಇಲ್ಲವೆಂದು ದಿನಾ ನಸುಕಿನಲ್ಲಿ ಅಂಗಳದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ತಾವೇ ಹುಂಜದ ಹಾಗೆ ಕೂಗುತ್ತಿದ್ದವರು. ಆ ಕೂಗಿಗೆ ಎದ್ದು ಎಷ್ಟು ಮಂದಿ ಕೆಲಸಕ್ಕೆ ಹೋಗುತ್ತಿದ್ದರು! ಈಗ ಬಚ್ಚಲಲ್ಲಿ ಟವೆಲ್ಲು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಕೂಗುತ್ತಾರೆ. ಚಟ ಒಮ್ಮೆಲೇ ಬಿಡುವುದಿಲ್ಲವಂತೆ.

ಪಾಲಿನ ಮಾತು ನೆನಪಿರಲಿ. ತತ್ತಿ ಪೂರ್ತಿ ನಿನ್ನವು. ಮರಿಗಳಲ್ಲಿ ಅರ್ಧ ನಿನಗೆ, ಅರ್ಧ ನನಗೆ. ಶಹಜಾದಿ ಮಾತ್ರ ನನ್ನವಳು. ಪಾಲಿಗೆ ಕೊಟ್ಟ ಕೋಳಿಯ ಕೊರಳಿಗೆ, ಕೊಟ್ಟವರನ್ನು ಕೇಳದೆ ಚೂರಿ ಮುಟ್ಟಿಸಬಾರದು. ನಿಮ್ಮೂರ ಕಡೆಯೂ ಇದೇ ರೀತಿ ತಾನೇ?

ನಿನ್ನ ಅಕ್ಕ
ಖಾತುನ

*

ಮೊಲೆಂ
೧೪ ಜುಲೈ ೨೦೦೪

ಖಾತುನಕ್ಕಾ,

ನಿನ್ನ ಕಾಗದ ಚೆಕ್‌ಪೋಸ್ಟಿನ ಚಹದಂಗಡಿಯಲ್ಲಿ ನಾಲ್ಕು ದಿನ ಕೂತು ನಮ್ಮ ಮನೆಗೆ ಬಂತು. ಇನ್ನು ಮುಂದೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೇಶಪ್ಪನ ಕೈಗೆ ಕೊಟ್ಟರೂ ಸರಿ. ಅವನ ಪರಿಚಯವಾದದ್ದೇ ಶಹಜಾದಿಯಿಂದ. ಬುಟ್ಟಿ ನೋಡಿ “ಕೋಳಿಗೂ ಅರ್ಧ ಟಿಕೀಟ ಐತ್ರಿ ಅಕ್ಕಾರ” ಅಂದ. “ಇಕಿ ಶಹಜಾದಿ ಅದಾಳ್ರಿ, ಅರ್ಧಾ ಯಾಕ, ಪೂರಾ ಹರೀರಿ” ಅಂದೆ. ನಕ್ಕು, ಹರಿಯದೇ ಮುಂದೆ ಹೋದ.

ಇಲ್ಲಿ ಮಳೆ ನಿಲ್ಲುವುದೇ ಇಲ್ಲ ಅಕ್ಕಾ, ನಡುನಡುವೆ ಸ್ವಲ್ಪ ದಣಿಯುತ್ತದೆ ಅಷ್ಟೆ. ದಣಿದಾಗ ಕಾಡಿನಿಂದ ಮಂಜು ಇಳಿದು ಅಂಗಳದ ತನಕ ಬರುತ್ತದೆ. ಶಹಜಾದಿ ಅದರೊಳಗೆ ನಡೆದು ಹೋಗುತ್ತಾಳೆ. ಮೊದಲು ಕಾಲು ಕಾಣದಾಗುತ್ತವೆ, ಆಮೇಲೆ ಮೈ. ಕೊರಳಿನ ಹೊನ್ನಿನ ಬಣ್ಣ ಮಾತ್ರ ಸ್ವಲ್ಪ ಹೊತ್ತು ತೇಲುತ್ತದೆ. ನಾನು ಹೊಸ್ತಿಲಲ್ಲಿ ಕೂತು ಕಾಯುತ್ತೇನೆ. ಎಷ್ಟೋ ಹೊತ್ತಿಗೆ ಮನೆಯ ಹಿಂದಿನಿಂದ ಬರುತ್ತಾಳೆ, ಬಾಯಲ್ಲಿ ಹುಳ. ಎಲ್ಲಿ ಹೋಗಿ ಹೇಗೆ ಬಂದಳೋ ಗೊತ್ತಾಗುವುದಿಲ್ಲ. ಕೆಲವು ದಿನ ನಾನೇ ಎದ್ದಿದ್ದೇನೋ ಮಲಗಿದ್ದೇನೋ ಎಂಬುದೂ ಗೊತ್ತಾಗುವುದಿಲ್ಲ. ಚಮನಣ್ಣನ ಕೂಗಿಲ್ಲದೆ ನನಗೆ ಸರಿಯಾಗಿ ಎಚ್ಚರವೇ ಆಗುತ್ತಿಲ್ಲ ನೋಡು. ಅವನ ಕೂಗು ಮೂರನೆಯ ಎಳೆತದಲ್ಲಿ ಒಡೆದು, ಕೊನೆಗೊಂದು ಕೆಮ್ಮು ಬಂದಮೇಲೆಯೇ ನನಗೆ ಬೆಳಗಾದಂತೆ.

ಶಹಜಾದಿ ತತ್ತಿ ಇಡುತ್ತಿದ್ದಾಳೆ. ಚಹದಂಗಡಿಯ ಕೆಂಪು ಹುಂಜ ಹಗಲಿಗೆ ಬರುತ್ತದೆ, ಕಾಡಂಚಿಗೆ ಒಂದು ಕಾಡುಹುಂಜವೂ ಬರುತ್ತದೆ. ಅಪ್ಪ ಯಾರೆಂದು ಅವಳನ್ನೇ ಕೇಳಬೇಕು.

ಇನ್ನೊಂದು ಮಾತು. ಮೂರು ತಿಂಗಳಾಯಿತು ನನಗೆ. ಹಿಂದೆ ಎರಡು ಸಲ ಏನಾಯಿತೆಂದು ನಿನಗಿಂತ ಹೆಚ್ಚು ಯಾರಿಗೆ ಗೊತ್ತು. ಅದಕ್ಕೇ ಯಾರಿಗೂ ಹೇಳಿಲ್ಲ. ನಿನಗೆ ಹೇಳದಿದ್ದರೆ ಇದು ಖರೇ ಅಂತ ನನಗೇ ಅನ್ನಿಸುವುದಿಲ್ಲ.

ನಿನ್ನ ಲಕ್ಷ್ಮಿ

*

ವಾಸ್ಕೊ
೩ ಆಗಸ್ಟ್ ೨೦೦೪

ಲಕ್ಷ್ಮೀ, ನನ್ನ ಬಂಗಾರ,

ಕಾಗದ ಓದಿ ಇವರಿಗೆ ಹೇಳಿದೆ. ಇವರು ಮೆಟ್ಟಿಲಲ್ಲಿ ನಿಂತು ಟವೆಲ್ಲಿಲ್ಲದೆ ಒಂದು ಕೂಗು ಹಾಕಿಯೇ ಬಿಟ್ಟರು. ಕ್ಲೆಮೆಂಟಿನಾ ಬಾಯಿ ಪೊರಕೆ ಹಿಡಿದು ಹೊರಗೆ ಬಂದಳು. “ಖುಷಿ ಸುದ್ದಿ ಐತ್ರಿ ಬಾಯಿ, ಇನ್ನ ಕೂಗಂಗಿಲ್ರಿ” ಅಂತ ಕೈಮುಗಿದರು.

ನೀರು ಹೊರಬೇಡ. ಬಾಗಬೇಡ. ಕೆಟ್ಟ ಸುದ್ದಿ ಯಾವುದಕ್ಕೂ ಕಿವಿಗೊಡಬೇಡ. ಬಸುರಿಯ ಎದೆ ಧಸಕ್ಕೆನ್ನಬಾರದು ಅಂತ ನಮ್ಮವ್ವ ಹೇಳುತ್ತಿದ್ದಳು. ನನಗೊಂದೂ ಉಳಿಯಲಿಲ್ಲ, ನಿನಗೆ ಉಳಿಯಬೇಕು. ಇದು ನನ್ನ ಹಟ ಅಂತ ತಿಳಿ.

ಶಹಜಾದಿ ಮಂಕಾಗಿ ಒಂದೇ ಕಡೆ ಕೂತರೆ ಕಾವಿಗೆ ಬಂದಳೆಂದು ತಿಳಿದು ಹನ್ನೊಂದು ತತ್ತಿ ಇಡು, ಸರಿ ಸಂಖ್ಯೆ ಬೇಡ. ಗುಡುಗಿಗೆ ತತ್ತಿ ಕೆಡುತ್ತವೆ, ಬುಟ್ಟಿಯಲ್ಲೊಂದು ಕಬ್ಬಿಣದ ಮೊಳೆ ಹಾಕು. ಹತ್ತೊಂಬತ್ತನೆಯ ದಿನ ಉಗುರುಬೆಚ್ಚಗಿನ ನೀರಲ್ಲಿ ತತ್ತಿ ಬಿಟ್ಟು ನೋಡು. ಜೀವ ಇದ್ದದ್ದು ಅಲ್ಲಾಡುತ್ತದೆ. ನನ್ನ ಪರವಾಗಿ ನೋಡು. ಎಷ್ಟು ವರ್ಷ ನೋಡಿದರೂ ನನಗೆ ಸಾಕೆನ್ನಿಸಿಲ್ಲ.

ಖಾತುನ

*

ಮೊಲೆಂ
೮ ಸೆಪ್ಟೆಂಬರ್ ೨೦೦೪

ಅಕ್ಕಾ,

ನೋಡಿದೆ! ನೀನು ಹೇಳಿದ ಹಾಗೆ ಹಿತ್ತಾಳೆಯ ಬೋಗುಣಿಯಲ್ಲಿ ಬೆಚ್ಚನೆಯ ನೀರು ಹಾಕಿ, ಒಂದೊಂದೇ ತತ್ತಿ ಮೆಲ್ಲಗೆ ಬಿಟ್ಟೆ. ಮೊದಲು ಸುಮ್ಮನೆ ತೇಲಿದವು. ನಾನು ಉಸಿರು ಬಿಗಿಹಿಡಿದು ಕೂತೆ. ಆಮೇಲೆ ಒಂದು ತತ್ತಿ ತನ್ನಷ್ಟಕ್ಕೇ ತುಸು ವಾಲಿತು. ಅದರ ಪಕ್ಕದ್ದು ನಡುಗಿತು. ಯಾರೂ ಮುಟ್ಟದೆ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ ಏಳತೊಡಗಿದವು. ಅದೇ ಹೊತ್ತಿಗೆ ನನ್ನ ಹೊಟ್ಟೆಯೊಳಗೆ, ಎಡಗಡೆ, ಏನೋ ಮೆಲ್ಲಗೆ ಹೊರಳಿತು. ಇವರನ್ನು ಕೂಗಿದೆ. ಹೀರಪ್ಪ ಬಂದು ಬೋಗುಣಿ ನೋಡಿ “ಏನಾತು?” ಅಂದ. ಅವನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡು ಅತ್ತೆ. ಈ ಸಲ ಐದು ತಿಂಗಳು ದಾಟುತ್ತದೆ ಅಕ್ಕಾ, ನನಗೆ ಗೊತ್ತು.

ಹನ್ನೊಂದರಲ್ಲಿ ಒಂಬತ್ತು ಒಡೆದವು. ಎರಡನ್ನು ಹದ್ದು ಎತ್ತಿತು. ಮೂರನೆಯದರ ಮೇಲೆ ಇಳಿದಾಗ ಶಹಜಾದಿ ನೆಲದಿಂದ ಆಳೆತ್ತರ ಹಾರಿ ಅದರ ಎದೆಗೆ ಒದ್ದಳು. ಗೇರು ಮರದ ಕೆಳಗೆಲ್ಲ ಹದ್ದಿನ ಗರಿ. ಈಗ ಉಳಿದ ಏಳಕ್ಕೂ ಹೋಳಿಯ ಗುಲಾಬಿ ಬಣ್ಣ ಹಚ್ಚಿದ್ದೇನೆ, ಹದ್ದಿಗೆ ಗುರುತು ಸಿಗಬಾರದೆಂದು. ಹಸಿರಿನಲ್ಲಿ ಗುಲಾಬಿ ಮರಿಗಳು ಓಡಾಡುವುದನ್ನು ನೋಡಿದರೆ ಎಚ್ಚರದಲ್ಲೇ ಕನಸು ಬಿದ್ದ ಹಾಗಾಗುತ್ತದೆ.

ಮೂರು ನಿನಗೆ, ಮೂರು ನನಗೆ. ಏಳನೆಯದು ಯಾರದು?

ಲಕ್ಷ್ಮಿ

*

ವಾಸ್ಕೊ
೧೯ ಅಕ್ಟೋಬರ್ ೨೦೦೪

ಲಕ್ಷ್ಮವ್ವಾ,

ಬರೆಯಲು ತಡವಾಯಿತು. ಕೆಲಸ. ಈಗ ರೋಜಾದ ಉಪವಾಸ ಬೇರೆ.

ಇವರು ಲಾರಿಯ ಮೇಲೆ ಬೆಳಗಾವಿ ಕಡೆ ಹೋಗಿದ್ದಾರೆ. ಒಳ್ಳೆಯ ಕೆಲಸ. ಬರುವುದು ಯಾವಾಗಲೋ ಗೊತ್ತಿಲ್ಲ. ನೀನು ಚಿಂತೆ ಮಾಡುವಂಥದ್ದೇನೂ ಇಲ್ಲ.

ಏಳನೆಯ ಮರಿ ನಿನ್ನ ಹೊಟ್ಟೆಯಲ್ಲಿರುವ ಕೂಸಿನದು.

ಕೋಳಿಗಳ ಸುದ್ದಿ ದೊಡ್ಡದಾಗಿ ಬರೆ. ಮಂಜು, ಗೇರು ಮರ, ಹದ್ದು ಎಲ್ಲ ಬರೆ. ಶಹಜಾದಿ ಏನು ತಿಂದಳು, ಎಲ್ಲಿ ಮಲಗಿದಳು, ಬಿಡದೆ ಬರೆ. ಚಿಕ್ಕದಾಗಿ ಬರೆದರೆ ಓದಿ ಬೇಗ ಮುಗಿಯುತ್ತದೆ.

ಖಾತುನ

*

ಮೊಲೆಂ
೪ ನವೆಂಬರ್ ೨೦೦೪

ಅಕ್ಕಾ,

ಚಮನಣ್ಣ ಬೆಳಗಾವಿಗೆ ಹೋದದ್ದು ಓದಿ ನನಗೆಷ್ಟು ಸಮಾಧಾನವಾಯಿತೋ. ಯಾಕೆಂದು ಕೇಳಬೇಡ. ಚೆನ್ನಾಗಿದ್ದಾನೆ ತಾನೇ? ಫೋನು ಗೀನು ಮಾಡುತ್ತಾನಾ? ಮಾತಾಡಿದೆಯಾ ನೀನು? ಅವನ ಧ್ವನಿ ಕೇಳಿದೆಯಾ?

ನಮ್ಮತ್ತೆ ಊರಿಂದ ಬಂದಿದ್ದಾಳೆ. ಇನ್ನು ಹೆರಿಗೆ ಆಗುವ ತನಕ ಇಲ್ಲೇ ಇರುತ್ತಾಳೆ.

ಮರಿಗಳು ಬಲಿತು ಅವ್ವನನ್ನು ಬಿಟ್ಟಿವೆ. ಶಹಜಾದಿಯೇ ಕುಕ್ಕಿ ಓಡಿಸಿದಳು. ಆಮೇಲೆ ಅವಳ ಹಳೆಯ ಗರಿ ಉದುರಿ ಹೊಸದು ಬಂತು. ಜುಟ್ಟು ದೊಡ್ಡದಾಗಿ ಕೆಂಪಗಾಗಿದೆ. ತತ್ತಿ ನಿಲ್ಲಿಸಿದ್ದಾಳೆ. ವಯಸ್ಸಾಯಿತಲ್ಲ ಅಕ್ಕಾ. ನಮ್ಮತ್ತೆ ಹೇಳುತ್ತಾಳೆ, ತತ್ತಿ ನಿಂತ ಕೋಳಿಯನ್ನು ಇಟ್ಟುಕೊಂಡು ಏನು ಮಾಡುವುದು ಅಂತ. ನೀನು ಹೂಂ ಅಂದರೆ ಈ ಅಮಾವಾಸ್ಯೆಯೊಳಗೆ ಕೊಯ್ಯಬಹುದು. ಅವಳ ಬದಲಿಗೆ ಮರಿಗಳಲ್ಲಿ ನಾಲ್ಕು ಹೇಂಟೆ ಇವೆ, ನಾಲ್ಕನ್ನೂ ನೀನೇ ಇಟ್ಟುಕೋ. ನನ್ನ ಪಾಲು ಬೇಡ.

ಬೇಗ ಉತ್ತರ ಬರೆ. ಅಂಚೆಗೆ ಹಾಕಬೇಡ, ಕೇಶಪ್ಪನ ಕೈಗೆ ಕೊಡು.

ಲಕ್ಷ್ಮಿ

*

ವಾಸ್ಕೊ
೧೭ ನವೆಂಬರ್ ೨೦೦೪

ಲಕ್ಷ್ಮವ್ವಾ,

ಈದ್ ಹಬ್ಬದ ಮರುದಿನ ನಿನ್ನ ಕಾಗದ ಬಂತು. ಹಬ್ಬಕ್ಕೆ ಶುಭ ಹೇಳುತ್ತೀಯೇನೋ ಅಂತ ಒಡೆದೆ. ನೀನು ಚೂರಿಯ ಮಾತು ಬರೆದಿದ್ದೀ.

ಬಸುರಿ ಬಾಯಿಗೆ ಆಸೆಯಾಗಿದೆಯಾ? ಹುಂಜದ ಮರಿಗಳಿವೆಯಲ್ಲ, ನನ್ನ ಪಾಲಿನದನ್ನೂ ಸೇರಿಸಿ ಕೊಯ್ದು ತಿನ್ನು. ಬೇಡ ಅನ್ನುವುದಿಲ್ಲ. ತತ್ತಿ ನಿಂತ ಕೋಳಿ ಯಾಕೆ ಅಂತ ಕೇಳುತ್ತೀಯಲ್ಲ, ನಿನ್ನ ಬಾಯಿಂದ ಆ ಮಾತು ಬರಬಾರದಿತ್ತು. ಹೆರುವುದು ನಿಂತ ಹೆಂಗಸು ಯಾಕೆ ಅಂತಲೂ ಒಂದು ದಿನ ಕೇಳುತ್ತೀಯಾ? ನಾನು ಓದುತ್ತ ಓದುತ್ತ ಕಣ್ಣು ಒರೆಸಿಕೊಂಡೆ, ಸಿಟ್ಟಿನಿಂದ.

ಅವಳು ನಿನಗೆ ಬರೀ ಕೋಳಿ. ನನಗೆ ಬಾಯ್ನಾದ ಮನೆಯಲ್ಲಿ ಜೀವಂತ ಉಳಿದದ್ದು ಅದೊಂದೇ. ದಿನಾ ಮಧ್ಯಾಹ್ನ ನಿನ್ನ ಹಳೆಯ ಕಾಗದಗಳನ್ನೇ ತೆಗೆದು ಓದುತ್ತೇನೆ. ಮಂಜಿನದು, ಬೋಗುಣಿಯದು, ಹದ್ದಿನ ಎದೆಗೆ ಒದ್ದದ್ದು. ಶಹಜಾದಿಯ ಹೆಸರು ಬಂದಾಗ ಇವರು ಕಣ್ಣು ತೆರೆಯುತ್ತಾರೆ. ಅಷ್ಟಕ್ಕಾದರೂ ಅವಳು ಬೇಕು ನಮಗೆ.

ಕೊಯ್ಯಕೂಡದು. ಇದು ಪಾಲಿಗೆ ಕೊಟ್ಟವಳ ಮಾತು.

ಖಾತುನ

*

ಮೊಲೆಂ
೨೯ ನವೆಂಬರ್ ೨೦೦೪

ಅಕ್ಕಾ,

ನಿನ್ನ ಬೈಗುಳ ನನಗೆ ಬೇಕಾದದ್ದೇ. ಅದರ ನಡುವೆ ಒಂದು ಸಾಲು ಬರೆದಿದ್ದೀ: “ಇವರು ಕಣ್ಣು ತೆರೆಯುತ್ತಾರೆ.” ಬೆಳಗಾವಿಗೆ ಹೋದವರು ವಾಸ್ಕೊದಲ್ಲಿ ಮಧ್ಯಾಹ್ನ ಹೇಗೆ ಕಣ್ಣು ತೆರೆಯುತ್ತಾರೆ? ಬರೀ ಕಣ್ಣು ಯಾಕೆ ತೆರೆಯುತ್ತಾರೆ? ಎರಡು ದಿನ ಆ ಸಾಲನ್ನೇ ನೋಡುತ್ತ ಕೂತೆ. ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ನೀನೂ ಹೇಳು.

ಶಹಜಾದಿ ಕೂಗುತ್ತಿದ್ದಾಳೆ ಅಕ್ಕಾ. ಹುಂಜದ ಹಾಗೆ.

ಗಾಂಧಿ ಜಯಂತಿಯ ಮರುದಿನ, ಅಕ್ಟೋಬರ್ ಮೂರಕ್ಕೆ, ನಸುಕಿನಲ್ಲಿ ಮೊದಲ ಸಲ ಕೇಳಿದೆ. ಅರ್ಧ ನಿದ್ದೆಯಲ್ಲಿದ್ದೆ. ನನಗೆ ಹೆದರಿಕೆಯೇ ಆಗಲಿಲ್ಲ, ಹಿತವಾಯಿತು. ಬಾಯ್ನಾದ ಮನೆಯಲ್ಲೇ ಮಲಗಿದ್ದೇನೆ, ಈಗ ನೀನು ಒಲೆ ಹಚ್ಚುತ್ತೀ, ಹೊಗೆ ಗೋಡೆಯ ಸಂದಿಯಿಂದ ನಮ್ಮ ಕಡೆ ಬರುತ್ತದೆ ಅಂದುಕೊಂಡು ಮಗ್ಗುಲು ಬದಲಿಸಿದೆ. ಯಾಕೆಂದರೆ ಅದು ಚಮನಣ್ಣನ ಕೂಗು. ಮೂರನೆಯ ಎಳೆತದಲ್ಲಿ ಒಡೆಯಿತು. ಕೊನೆಗೆ ಕೆಮ್ಮಿತು. ಕೆಮ್ಮು ಕೇಳಿದ ಮೇಲೆ ಪೂರ್ತಿ ಎಚ್ಚರವಾಗಿ ಹೊರಗೆ ಓಡಿದೆ. ಕಲ್ಲುಗೋಡೆಯ ಮೇಲೆ, ಮಂಜಿನಲ್ಲಿ, ಕೊರಳು ಉದ್ದ ಮಾಡಿಕೊಂಡು ನಿಂತಿದ್ದಳು. ಮತ್ತೊಮ್ಮೆ ಕೂಗಿದಳು. ಅವಳ ಬಾಯಿಂದ ನಿನ್ನ ಗಂಡನ ಧ್ವನಿ ಬಂತು.

ಹೇಂಟೆ ಕೂಗಿದರೆ ಏನೆನ್ನುತ್ತಾರೆ ನಿನಗೂ ಗೊತ್ತು. ಅತ್ತೆ ಬಂದ ದಿನವೇ ಕೇಳಿಸಿಕೊಂಡು ಎದೆಯ ಮೇಲೆ ಕೈಯಿಟ್ಟಳು. “ಹ್ಯಾಂಟಿ ಕೂಗಿದ್ರ ಮನಿ ಗಂಡಸಿಗೆ ಚಲೋ ಅಲ್ಲವಾ, ಇವತ್ತ ಕೊಯ್ದ ಒಗಿ ಅದನ್ನ” ಅಂದಳು. “ಪಾಲಿಂದ ಐತಿ ಅತ್ತಿ, ಅಕ್ಕನ್ನ ಕೇಳದ ಹ್ಯಾಂಗ ಕೊಯ್ಯಲಿ?” ಅಂದೆ. ಆವತ್ತಿನಿಂದ ಹೀರಪ್ಪ ಮರ ಹತ್ತುತ್ತಿಲ್ಲ, ಹೆದ್ದಾರಿ ದಾಟುವಾಗ ಎರಡೆರಡು ಸಲ ನೋಡುತ್ತಾನೆ. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತೇನೆ.

ಒಂದು ಪ್ರಶ್ನೆ ನನ್ನನ್ನು ತಿನ್ನುತ್ತಿದೆ. ಕೋಳಿ ನಿನ್ನದು, ಕೂಗುವುದು ನನ್ನ ಅಂಗಳದಲ್ಲಿ. ಕೇಡು ಯಾರ ಮನೆಗೆ? ಮರಿಗಳ ಹಾಗೆ ಇದರಲ್ಲೂ ಅರ್ಧ ಅರ್ಧವೇ? ಇಂಥದ್ದನ್ನು ನಿನಗೆ ಹೇಗೆ ಬರೆಯಲಿ? ಅದಕ್ಕೇ ತತ್ತಿ ನಿಂತಿತೆಂಬ ನೆಪ ತೆಗೆದೆ. ಕ್ಷಮಿಸು. ಹೆರುವುದು ನಿಂತ ಹೆಂಗಸಿನ ಮಾತು ಮಾತ್ರ ಆಡಬಾರದಿತ್ತು ನೀನು. ಆಡಿದ್ದೀ, ಆಯಿತು.

ಚಮನಣ್ಣ ಇದ್ದಾನಾ ಅಕ್ಕಾ? ಅಷ್ಟು ಹೇಳು. ನಾನು ಗಟ್ಟಿಯಾಗಿದ್ದೇನೆ.

ಲಕ್ಷ್ಮಿ

*

ವಾಸ್ಕೊ
೮ ಡಿಸೆಂಬರ್ ೨೦೦೪

ನನ್ನ ಲಕ್ಷ್ಮೀ,

ಇದ್ದಾರೆ. ಮೊದಲು ಅದನ್ನು ಎರಡು ಸಲ ಓದು, ಆಮೇಲೆ ಮುಂದಿನದು. ಇದ್ದಾರೆ.

ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೆ ಬಂದರಿನಲ್ಲಿ ತುಂಬಿದ ಲಾರಿಯ ಮೇಲೆ ತಾಡಪಾಲು ಕಟ್ಟುವಾಗ ಹಗ್ಗ ಜಾರಿ ಬಿದ್ದರು. ತಲೆಗೆ ಪೆಟ್ಟು. ಮೂರು ವಾರ ಆಸ್ಪತ್ರೆ, ಆಮೇಲೆ ಈ ಕೋಣೆ. ಬಲಗೈ ಸ್ವಲ್ಪ ಸ್ವಲ್ಪ ಏಳುತ್ತಿದೆ. ಊಟ ಮಾಡಿಸಿದರೆ ಮಾಡುತ್ತಾರೆ. ಧ್ವನಿ ಮಾತ್ರ ಇಲ್ಲ. ಮಾತಷ್ಟೇ ಅಲ್ಲ, ನರಳುವುದೂ ಇಲ್ಲ, ಕೆಮ್ಮೂ ಇಲ್ಲ. “ಬಂದರ ಬರಬಹುದ್ರಿ, ನಾವೇನ ಹೇಳಾಕ ಬರೂದಿಲ್ಲ” ಅಂದರು ನಮ್ಮ ಕಡೆಯವರೇ ಒಬ್ಬರು ಡಾಕ್ಟರು. ಇಷ್ಟು ಮಾತಾಡುತ್ತಿದ್ದ ಮನುಷ್ಯನ ಪಕ್ಕ ಕೂತು ಗಡಿಯಾರದ ಸದ್ದು ಕೇಳುವುದು ಹೇಗಿರುತ್ತದೆಂದು ನಿನಗೆ ಹೇಳಲಾರೆ. ನಿನಗೆ ತಿಳಿಸಬಾರದೆಂದು ಬೆಳಗಾವಿಗೆ ಕಳಿಸಿದೆ. ಆಗ ನಿನಗೆ ಐದು ತಿಂಗಳು ತುಂಬಿತ್ತಷ್ಟೆ. ನನ್ನ ಮಡಿಲಲ್ಲಿ ತಲೆಯಿಟ್ಟು ನೀನು ಅತ್ತದ್ದನ್ನು ಎರಡು ಸಲ ನೋಡಿದ್ದೇನೆ. ಮೂರನೆಯದು ನನ್ನ ಕಾಗದದಿಂದ ಆಗಬಾರದು ಅಂದುಕೊಂಡೆ.

ನಿನ್ನ ಕಾಗದ ಓದಿ ದಿನಾಂಕ ಲೆಕ್ಕ ಹಾಕಿದೆ. ಇವರು ಬಿದ್ದದ್ದು ಇಪ್ಪತ್ನಾಲ್ಕಕ್ಕೆ. ಅವಳು ಕೂಗಿದ್ದು ಒಂಬತ್ತು ದಿನದ ಮೇಲೆ. ಅವಳು ಕೂಗಿದ್ದಕ್ಕೆ ಇವರು ಬಿದ್ದರೆಂದು ಹೇಳಿದರೆ ಅನ್ಯಾಯವಾಗುತ್ತದೆ. ಹೆದರಿಕೆಯೇ ಇಲ್ಲ ಅಂದರೆ ಅದೂ ಸುಳ್ಳು. ನಿನ್ನ ಅತ್ತೆ ಹೇಳಿದ್ದನ್ನೇ ನಮ್ಮವ್ವನೂ ಹೇಳುತ್ತಿದ್ದಳು. ನಿನ್ನೆ ಇಡೀ ದಿನ ಕೊಯ್ಯಿ ಅನ್ನಲೋ ಬೇಡ ಅನ್ನಲೋ ಅಂತ ಕೋಣೆಯಲ್ಲಿ ಅಡ್ಡಾಡಿದೆ.

ಆದರೆ ಲಕ್ಷ್ಮೀ, ಆ ಕೂಗು ಈಗ ಲೋಕದಲ್ಲಿ ಅವಳೊಬ್ಬಳ ಹತ್ತಿರ ಇದೆ. ಕೊಯ್ದರೆ ಅದೂ ಹೋಗುತ್ತದೆ. ಮರಿಯಿದ್ದಾಗಿನಿಂದ ದಿನಾ ಕೇಳಿ ಕೇಳಿ ಎಲ್ಲೋ ಇಟ್ಟುಕೊಂಡಿದ್ದಾಳೆ. ನನಗೆ ಅದನ್ನು ಕೇಳಬೇಕು. ಇವರಿಗೂ ಕೇಳಿಸಬೇಕು.

ಪಾಲಿನ ಪ್ರಶ್ನೆ ಕೇಳಿದ್ದೀ. ಇದರಲ್ಲಿ ಪಾಲಿಲ್ಲ. ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ ಪೂರ್ತಿ ನನ್ನದು. ಅವಳನ್ನು ಕಳಿಸು. ನೀನು ನಿಶ್ಚಿಂತೆಯಿಂದ ಹೆರು.

ಆ ಹೆಂಗಸಿನ ಮಾತು ಹಿಂದಕ್ಕೆ ತೆಗೆದುಕೊಂಡೆ. ಅದು ನಿನಗೆ ಬರೆದದ್ದಲ್ಲ, ನನಗೆ ನಾನೇ ಅಂದುಕೊಂಡದ್ದು.

ನಿನ್ನ ಅಕ್ಕ

*

ಮೊಲೆಂ
೧೫ ಡಿಸೆಂಬರ್ ೨೦೦೪
(ಕೇಶಪ್ಪನ ಕೈಯಲ್ಲಿ, ಬುಟ್ಟಿಯ ಜೊತೆ)

ಅಕ್ಕಾ,

ಕಳಿಸುತ್ತಿದ್ದೇನೆ. ರಾತ್ರಿಯೆಲ್ಲ ಬೇಡ ಅನ್ನಿಸಿತು, ಬೆಳಿಗ್ಗೆ ಅವಳ ಕೂಗು ಕೇಳಿ ಸರಿ ಅನ್ನಿಸಿತು. ಬುಟ್ಟಿ ಕಟ್ಟುವಾಗ ಅತ್ತೆ ದೂರ ನಿಂತು ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಒಂದು ಹಿಡಿ ಜೋಳ ತಂದು ಬುಟ್ಟಿಗೆ ಹಾಕಿದಳು. “ಹಾದ್ಯಾಗ ಹಸದಿರಬಾರದು” ಅಂದಳು, ಅಷ್ಟೆ.

ಕಾವಿನ ಬುಟ್ಟಿಯಲ್ಲಿದ್ದ ಕಬ್ಬಿಣದ ಮೊಳೆ ಈಗ ನನ್ನ ದಿಂಬಿನ ಕೆಳಗಿದೆ. ಚಮನಣ್ಣನ ಕಿವಿಯಲ್ಲಿ ಹೇಳು, ಲಕ್ಷ್ಮಿಗೆ ಇನ್ನು ಎಚ್ಚರ ಮಾಡುವವರು ಯಾರೂ ಇಲ್ಲ ಅಂತ.

ಲಕ್ಷ್ಮಿ

*

ವಾಸ್ಕೊ
೧೨ ಜನವರಿ ೨೦೦೫

ಬಾಣಂತಿಗೆ,

ಹೆಣ್ಣು ಕೂಸಂತೆ! ಕೇಶಪ್ಪ ಮೆಟ್ಟಿಲ ಕೆಳಗಿನಿಂದಲೇ ಕೂಗಿ ಹೇಳಿ ಬಸ್ಸಿಗೆ ಓಡಿದ. ತೂಕ ಎಷ್ಟು, ಯಾರ ಮೂಗು, ಒಂದೂ ಹೇಳಲಿಲ್ಲ. ಗಂಡಸರ ಕೈಯಲ್ಲಿ ಸುದ್ದಿ ಕಳಿಸಿದರೆ ಹೀಗೇ. ನೀನು ಎದ್ದು ಬರೆಯುವ ತನಕ ಕಾಯುತ್ತೇನೆ, ಅವಸರ ಬೇಡ. ನಾನು ಮಾತ್ರ ಈಗಲೇ ಬರೆಯಬೇಕು.

ಶಹಜಾದಿ ಬಂದಳು. ಸೆರಗಿನಲ್ಲಿ ಮುಚ್ಚಿ ಮೇಲೆ ತಂದೆ, ಕ್ಲೆಮೆಂಟಿನಾ ಬಾಯಿಗೆ ಗೊತ್ತಾಗದ ಹಾಗೆ. ಇವರ ಮಂಚದ ಪಕ್ಕ ಬುಟ್ಟಿ ಮಗುಚಿ ಕೂರಿಸಿದೆ. ಇವರು ತಲೆ ಹೊರಳಿಸಿ ಬುಟ್ಟಿಯ ಸಂದಿ ನೋಡಿದರು, ಅವಳು ಒಂದು ಕಣ್ಣಿಟ್ಟು ಇವರನ್ನು ನೋಡಿದಳು. ನಾನು ರಾತ್ರಿ ಸರಿಯಾಗಿ ಮಲಗಲಿಲ್ಲ. ನಸುಕಾಯಿತು. ಅವಳು ಕೂಗಲಿಲ್ಲ. ಮರುದಿನವೂ ಇಲ್ಲ. ವಾರವಾಯಿತು, ಎರಡು ವಾರವಾಯಿತು. ನಮ್ಮ ಕೈಯಿಂದ ನುಚ್ಚು ತಿಂದಳು, ಹಗಲಿಗೆ ಇವರ ಕಾಲ ಬಳಿ ಹಾಸಿಗೆಯ ಮೇಲೆ ಕೂತಳು, ಇವರು ಎಡಗೈಯಿಂದ ಅವಳ ಬೆನ್ನು ಸವರಿದರು. ಕೂಗು ಮಾತ್ರ ಇಲ್ಲ. ಬುಟ್ಟಿಯ ಮುಂದೆ ಕೂತು ಬೈದೆ: “ಅಲ್ಲೆ ಕಾಡಿನಾಗ ಗಿಡಗಂಟಿಗೆ ಕೂಗತಿದ್ದಿ, ಇಲ್ಲೆ ಯಾಕ ಬಾಯಿ ಹೊಲಕೊಂಡ ಕುಂತಿ?” ನೀನು ಕನಸಿನಲ್ಲಿ ಕೇಳಿದ್ದನ್ನು ಖರೇ ಅಂದುಕೊಂಡೆಯೋ ಏನೋ ಅಂತಲೂ ಅನ್ನಿಸಿತು. ಬರೆಯದೇ ಉಳಿದದ್ದು ಅದಕ್ಕೇ.

ಮೊನ್ನೆ ಸೋಮವಾರ. ಕಿಟಕಿ ಇನ್ನೂ ಬೂದು ಬಣ್ಣದಲ್ಲಿತ್ತು. ನಾನು ನೆಲದ ಮೇಲೆ ಮಲಗಿದ್ದೆ. ಕೂಗು ಕೇಳಿತು. ಮೊದಲ ಎಳೆತ ಬರೀ ಉಸಿರು. ಎರಡನೆಯದು ಸಣ್ಣಗೆ. ಮೂರನೆಯದು ಒಡೆಯಿತು. ಆಮೇಲೆ ಕೆಮ್ಮು.

ಬಂತು, ಕಡೆಗೂ ಕೂಗಿದಳು ಅಂತ ಎದ್ದು ಬುಟ್ಟಿ ಎತ್ತಿದೆ. ಶಹಜಾದಿ ರೆಕ್ಕೆಯೊಳಗೆ ಕೊಕ್ಕು ಹುದುಗಿಸಿ ಗಾಢ ನಿದ್ದೆಯಲ್ಲಿದ್ದಳು.

ಬುಟ್ಟಿ ಕೈಯಲ್ಲೇ ಹಿಡಿದು ಮಂಚದ ಕಡೆ ತಿರುಗಿದೆ. ಇವರು ಛಾವಣಿ ನೋಡುತ್ತ, ಎಡಗೈ ಸೊಂಟದ ಮೇಲಿಟ್ಟುಕೊಂಡು, ಬಾಯಿ ತೆರೆದಿದ್ದರು. ಮತ್ತೊಮ್ಮೆ ಕೂಗಿದರು. ಅದು ಕೂಗೂ ಅಲ್ಲ, ಬಾಗಿಲು ಕಿರುಗುಟ್ಟಿದ ಹಾಗಿತ್ತು. ಆದರೆ ಅದೇ ಲಕ್ಷ್ಮೀ, ಅದೇ. ಈಗ ಶಹಜಾದಿ ತಲೆ ಹೊರಗೆ ತೆಗೆದು ಇವರನ್ನು ನೋಡಿದಳು, ತನ್ನ ಕೆಲಸ ಮುಗಿಯಿತೆನ್ನುವಂತೆ ಮತ್ತೆ ರೆಕ್ಕೆಯೊಳಗೆ ಹಾಕಿಕೊಂಡಳು. ನಾನು ನೆಲದ ಮೇಲೆ ಕೂತು ಬುಟ್ಟಿಯನ್ನು ಅಪ್ಪಿಕೊಂಡು ಅತ್ತೆ.

ಕೆಳಗಿನಿಂದ ದಡದಡ ಮೆಟ್ಟಿಲು ಹತ್ತುವ ಸದ್ದು. ಕ್ಲೆಮೆಂಟಿನಾ ಬಾಯಿ, ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ಪೊರಕೆ. “ಹೊ ಕೊಂಬೊ ಖಂಯ್ಚೊ?” ಅಂತ ಬಾಗಿಲು ನೂಕಿದಳು. ಎಲ್ಲಿಯ ಹುಂಜ ಇದು ಅಂತ. ಶಹಜಾದಿ ಎದುರಿಗೇ ಇದ್ದಾಳೆ, ಮುಚ್ಚಿಡುವುದೇನು? “ಬಾಯಿ, ಇದು ಹ್ಯಾಂಟಿ ಐತ್ರಿ, ಕೂಗಿಲ್ಲ. ಕೂಗಿದ ಹುಂಜ ಅಲ್ಲೈತಿ ನೋಡ್ರಿ” ಅಂತ ಮಂಚ ತೋರಿಸಿದೆ. ನಂಬಲಿಲ್ಲ. ಇವರು ಅವಳ ಮುಖ ನೋಡಿ ಮೂರನೆಯ ಸಲ ಕೂಗಿದರು. ಬೇಕೆಂದೇ, ಅವಳಿಗೇ! ಬಾಯಿ ಹೊಸ್ತಿಲಲ್ಲೇ ಕುಸಿದು ಕೂತಳು. ಮೊದಲು ಶಿಲುಬೆಯ ಗುರುತು ಮಾಡಿಕೊಂಡಳು, ಆಮೇಲೆ ನಕ್ಕಳು, ಆಮೇಲೆ ಪೊರಕೆ ಬದಿಗಿಟ್ಟು ನನ್ನ ಜೊತೆ ಅತ್ತಳು. ಮಧ್ಯಾಹ್ನ ಒಂದು ಬಟ್ಟಲು ಅಕ್ಕಿನುಚ್ಚು ಕಳಿಸಿದ್ದಾಳೆ, ಕೋಳಿಗೆ.

ಮಾತು ಇನ್ನೂ ಬಂದಿಲ್ಲ. ನನ್ನ ಹೆಸರೂ ಹೇಳಿಲ್ಲ. ನನಗೆ ಅವಸರವಿಲ್ಲ. ದಿನಾ ನಸುಕಿನಲ್ಲಿ ಒಂದು ಕೂಗು ಇದೆ, ಅದಾದ ಮೇಲೆ ಒಲೆ ಹಚ್ಚುತ್ತೇನೆ.

ಕೂಸನ್ನು ಮಡಿಲಲ್ಲಿಟ್ಟುಕೊಂಡು ಈ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳು. ಹೀರಪ್ಪನಿಗೆ ಧೈರ್ಯವಾಗಿ ಮರ ಹತ್ತಲು ಹೇಳು. ಖಾತುನಳ ಮನೆಯಲ್ಲಿ ಹ್ಯಾಂಟಿ ಕೂಗುತ್ತಿಲ್ಲ, ಹುಂಜವೇ ಕೂಗುತ್ತಿದೆ ಅಂತ ಹೇಳು.

ನಿನ್ನ ಅಕ್ಕ
ಖಾತುನ